ಬತ್ತೆ ಎನ್ನುವ ಒಂದು ಮಾತು

ನಮ್ಮ ಮನೆಯಲ್ಲಿ ಹೊಸಿಲು ದಾಟುವವರು ‘ಹೋಗ್ತೆ’ ಎನ್ನುವುದಿಲ್ಲ. ಪೇಟೆಗೆ ಹೊರಟರೂ ‘ಬತ್ತೆ’, ಅಪ್ಪ ಕೆಲಸಕ್ಕೆಂದು ಕೈಗಾದ ಬಸ್ಸಿಗೆ ಓಡುವಾಗಲೂ ‘ಬತ್ತೆ’. ‘ಬತ್ತೆ’ ಎಂದರೆ ಬರುತ್ತೇನೆ; ಹೋದವರು ತಿರುಗಿ ಬರಬೇಕಲ್ಲ, ಅದಕ್ಕೆ. ಚಿಕ್ಕಂದಿನಲ್ಲಿ ತಮ್ಮ ಒಮ್ಮೆ ಸಿಟ್ಟಿನಲ್ಲಿ ‘ಹೋಗ್ತೆ’ ಎಂದು ಶಾಲೆಗೆ ಹೊರಟಿದ್ದಕ್ಕೆ ಆಯಿ ಅವನನ್ನು ಬೇಲಿಯ ದಣಪೆಯಿಂದ ವಾಪಸು ಕರೆಸಿ, ಒಂದು ಲೋಟ ನೀರು ಕುಡಿಸಿ, ‘ಬತ್ತೆ’ ಅನ್ನಿಸಿ ಕಳಿಸಿದ್ದಳು. ಅಂದು ಅವನಿಗೆ ಶಾಲೆಯ ಪ್ರಾರ್ಥನೆ ತಪ್ಪಿತು.

ಆ ತಮ್ಮನಿಗೆ ಈಗ ನಲವತ್ತೈದು. ಬೆಳಂಬಾರದಲ್ಲಿ ಮನೆ, ಅಂಕೋಲೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಸಕ್ಕರೆ ಕಾಯಿಲೆಗೆ ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುತ್ತಾನೆ. ಹೆಂಡತಿ ಕಾರವಾರದಲ್ಲಿ ನರ್ಸ್. ಅವಳ ಪಾಳಿಯ ದಿನ ಮನೆಯಲ್ಲಿ ಇವನೊಬ್ಬನೇ. ನಾನಿರುವುದು ಸದಾಶಿವಗಡದಲ್ಲಿ. ದಿನಕ್ಕೆ ಮೂರು ಸಲ ಫೋನ್ ಮಾಡಿ ತಿಂದ್ಯಾ, ಸೂಜಿ ಹಾಕಿಕೊಂಡ್ಯಾ ಎಂದು ಕೇಳಿದರೆ ರೇಗುತ್ತಿದ್ದ. ನನ್ನ ಕಾಟ ತಾಳಲಾರದೆ ಕೊನೆಗೆ ಅವನೇ ನನ್ನ ಫೋನಿಗೆ ಒಂದು ಆಟ ಹಾಕಿಕೊಟ್ಟ.

ಆಟವೆಂದರೆ ಒಂದು ದ್ವೀಪ. ಊರೂರಿನ ನೂರಾರು ಜನ ಅಲ್ಲಿ ಬರಿಗೈಯಲ್ಲಿ ಇಳಿದು, ಕಟ್ಟಿಗೆ ಕಡಿದು, ಗುಡಿಸಲು ಕಟ್ಟಿ ಬದುಕಬೇಕು. ತಲೆಯ ಮೇಲೊಂದು ಹಸಿವಿನ ಗೆರೆ. ಅದು ಪೂರ್ತಿ ಇಳಿದರೆ ಸತ್ತಂತೆ. ನಾವು ಫೋನ್ ಕೆಳಗಿಟ್ಟರೂ ಅಲ್ಲಿ ಮಳೆ ಬರುತ್ತದೆ, ಬೇಲಿ ಕೊಳೆಯುತ್ತದೆ, ಬೇರೆಯವರು ನುಗ್ಗಿ ಒಣಮೀನು ಹೊತ್ತೊಯ್ಯುತ್ತಾರೆ. ಈ ವಯಸ್ಸಿಗೆ ಇದೊಂದು ಬಾಕಿ ಇತ್ತು ಎಂದು ಗೊಣಗಿದೆ. ಆದರೆ ಅವನ ಹೆಸರಿನ ಪಕ್ಕ ಹಸಿರು ಚುಕ್ಕೆ ಕಂಡರೆ ತಮ್ಮ ಎದ್ದಿದ್ದಾನೆ, ಕೈಕಾಲು ಆಡುತ್ತಿವೆ ಎಂದು ತಿಳಿಯುತ್ತಿತ್ತು. ಆಫೀಸಿನ ಮಧ್ಯೆ ಒಮ್ಮೆ ಇಣುಕಿ ನೋಡಿ ಕೆಲಸಕ್ಕೆ ಮರಳುತ್ತಿದ್ದೆ. ಆಟ ಮುಗಿಸುವಾಗ ಅವನು ಅಲ್ಲಿಯೂ ‘ಬತ್ತೆ ಅಕ್ಕ’ ಎಂದೇ ಬರೆಯುತ್ತಿದ್ದ.

ಈ ವರ್ಷ ಆಟಕ್ಕೆ ಹೊಸದೊಂದು ಸೇರಿತು. ನಾವಿಲ್ಲದಾಗ ದ್ವೀಪದಲ್ಲಿರುವ ನಮ್ಮ ಬೊಂಬೆ ಸುಮ್ಮನೆ ಮಲಗಿರುವುದಿಲ್ಲ. ನಮ್ಮ ರೀತಿ ನೋಡಿ ಕಲಿತು ತಾನೇ ಬೇಲಿ ಕಟ್ಟುತ್ತದೆ, ಕೇಳಿದ್ದಕ್ಕೆ ಉತ್ತರವನ್ನೂ ಬರೆಯುತ್ತದೆ. ಇನ್ನು ಮುಂದೆ ಇಂಥ ಆಟಗಳೆಲ್ಲ ಹೀಗೇ, ನಾವು ನಿಂತರೂ ನಮ್ಮವರು ನಿಲ್ಲುವುದಿಲ್ಲ ಎಂದು ತಮ್ಮ ಹಿಗ್ಗಿದ. ಅದನ್ನು ಬಂದ್ ಮಾಡು ಎಂದೆ. ನಿನಗೆ ಎಲ್ಲದಕ್ಕೂ ಹೆದರಿಕೆ ಎಂದು ನಕ್ಕ. ಹೌದು, ಹೆದರಿಕೆಯೇ. ಹಸಿರು ಚುಕ್ಕೆ ಈಗ ಇಡೀ ದಿನ ಉರಿಯುತ್ತಿತ್ತು; ಅವನೋ ಬೊಂಬೆಯೋ ತಿಳಿಯುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ, ಅವನ ಹೆಂಡತಿಗೆ ಪಾಳಿ ಇದ್ದ ದಿನ, ಬಂಗಡೆ ಹೆಚ್ಚಲು ಕೂರುವ ಮುಂಚೆ ಫೋನ್ ತೆರೆದೆ. ದ್ವೀಪದಲ್ಲಿ ತಮ್ಮ ಬೇಲಿಗೆ ಗೂಟ ಹೊಡೆಯುತ್ತಿದ್ದ. ತಿಂಡಿ ಆಯ್ತಾ ಎಂದು ಬರೆದೆ. ಆಯ್ತು ಎಂದು ಬಂತು. ಅವನೇ ಇರಬೇಕು ಎಂದು ಸಮಾಧಾನವಾಯಿತು. ಮೀನು ಹೆಚ್ಚಿ, ಕೈ ತೊಳೆದು ನೋಡಿದರೆ ಇನ್ನೊಂದು ಸಾಲು ಬಂದು ಕೂತಿತ್ತು: ‘ಅಕ್ಕ, ಕಟ್ಟಿಗೆ ತರೂಕೆ ಹೋಗ್ತೆ.’

ಕೈ ಒರೆಸಲೂ ನಿಲ್ಲಲಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಅವನ ಪಕ್ಕದ ಮನೆಯವಳಿಗೆ ಫೋನ್ ಮಾಡಿ, ಹಿತ್ತಿಲ ಬಾಗಿಲಿನಿಂದ ಹೋಗಿ ನೋಡು ಎಂದೆ. ಏನಾಯ್ತು ಎಂದು ಕೇಳಿದಳು. ತಮ್ಮ ‘ಹೋಗ್ತೆ’ ಅಂದ ಎಂದೆ. ಅವಳೂ ಈ ಕಡೆಯವಳೇ. ಫೋನ್ ಹಿಡಿದುಕೊಂಡೇ ಓಡಿದಳು.

ಇನ್ಸುಲಿನ್ ಚುಚ್ಚಿಕೊಂಡವನು ಆಟದ ಬೇಲಿಯ ಗಡಿಬಿಡಿಯಲ್ಲಿ ತಿಂಡಿ ಮರೆತಿದ್ದ. ಅಡುಗೆಮನೆಯ ನೆಲದ ಮೇಲೆ ಬೆವರಿ ಬಿದ್ದಿದ್ದನಂತೆ. ಕರೆದರೆ ಹಾಂ ಎನ್ನುವಷ್ಟು ಎಚ್ಚರವಿತ್ತು. ಅವಳು ಸಕ್ಕರೆ ನೀರು ಕುಡಿಸಿ ರಿಕ್ಷಾದಲ್ಲಿ ಆಸ್ಪತ್ರೆಗೆ ಸಾಗಿಸಿದಳು. ನಾನು ಮೀನನ್ನು ಹಾಗೇ ಬಿಟ್ಟು ಬಸ್ಸು ಹತ್ತಿದೆ. ಕಾಳಿ ಸೇತುವೆಯ ಮೇಲೆ ಫೋನ್ ತೆರೆದರೆ, ಅಲ್ಲಿ ತಮ್ಮ ಕಟ್ಟಿಗೆ ಹೊರೆ ಹೊತ್ತು ಆರಾಮಾಗಿ ಬರುತ್ತಿದ್ದ. ಹಸಿವಿನ ಗೆರೆ ಪೂರ್ತಿ ತುಂಬಿತ್ತು. ನನಗೆ ಅಳು ಬಂತು, ಸಿಟ್ಟೂ ಬಂತು.

ಆಸ್ಪತ್ರೆಯ ಮಂಚದ ಪಕ್ಕ ನಿಂತು ಬಾಯಿಗೆ ಬಂದಂತೆ ಬೈದೆ. ಬೊಂಬೆಯ ಹೊಟ್ಟೆ ಒಂದು ದಿನವೂ ಖಾಲಿ ಬಿಟ್ಟವನಲ್ಲ, ತನ್ನ ಹೊಟ್ಟೆಗೆ ಎರಡು ದೋಸೆ ಹಾಕಿಕೊಳ್ಳಲು ಇವನಿಗೆ ಪುರುಸೊತ್ತಿಲ್ಲ. ಬೈಗುಳ ಮುಗಿದ ಮೇಲೆ, ಅದು ತಾನಲ್ಲ ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದ. ಆ ಸಾಲು ತೋರಿಸಿದೆ. ಬೊಂಬೆಗೆ ‘ಬತ್ತೆ’ ಎಂದರೆ ಬರುವುದು ಎಂದಷ್ಟೇ ತಿಳಿದಿತ್ತು; ಹೋಗುವಾಗ ‘ಹೋಗ್ತೆ’ ಎಂದಿತ್ತು. ಅವನು ಅದನ್ನು ಓದಿದ.

‘ಆ ಬೊಂಬೆಗೆ ಆಯಿ ಹೇಳ್ಕೊಡ್ಲಿಲ್ಲ ಅಲ್ವನೇ ಅಕ್ಕಾ,’ ಎಂದ.

ಮನೆಗೆ ಬಂದ ಮೇಲೆ ಆಟವನ್ನೇ ಬಿಡುತ್ತೇನೆ ಎಂದ. ನಾನೇ ಬೇಡ ಎಂದೆ. ಗುರುತಿಗೆ ಆ ಮಾತೊಂದಿದೆಯಲ್ಲ ಎಂಬ ಧೈರ್ಯ. ಅವನೂ ನನ್ನ ಸಮಾಧಾನಕ್ಕೆಂದು ಕಟ್ಟಿಗೆಗೆ ಹೊರಟರೆ ‘ಬತ್ತೆ ಅಕ್ಕ’, ನೀರಿಗೆ ಹೊರಟರೆ ‘ಬತ್ತೆ ಅಕ್ಕ’ ಎಂದು ಗಳಿಗೆಗೊಮ್ಮೆ ಬರೆಯತೊಡಗಿದ. ಅದನ್ನು ಬೊಂಬೆಯೂ ನೋಡುತ್ತಿತ್ತು; ಅಲ್ಲೇ ನಾವು ತಪ್ಪಿದ್ದು.

ನಿನ್ನೆ ಮಧ್ಯಾಹ್ನ ನಾಲ್ಕಕ್ಕೆ ‘ನೀರು ತರೂಕೆ ಬತ್ತೆ ಅಕ್ಕ’ ಎಂದು ಬಂತು. ಇವನೇ ಎಂದು ಖಾತ್ರಿಯಾಗಿ, ಊರ ಸುದ್ದಿ ಹೇಳಲು ಫೋನ್ ಮಾಡಿದೆ. ಅವನ ಹೆಂಡತಿ ಎತ್ತಿದಳು.

‘ಅವ್ರು ಮಲಗಿ ಎರಡು ತಾಸಾಯ್ತು ಅತ್ತಿಗೆ. ಎಬ್ಬಿಸ್ಲಾ?’

ಎಬ್ಬಿಸು ಎಂದೆ. ಅವನು ನಿದ್ದೆಗಣ್ಣಿನಲ್ಲಿ ನನಗೆ ಬೈಯುವವರೆಗೂ ಫೋನ್ ಇಡಲಿಲ್ಲ.