ಕಂಬ ಬಾರಿಸುವ ಮನೆ

ಇವತ್ತು ಬೆಳಿಗ್ಗೆ ನಮ್ಮ ಮನೆ ಮುಂದಿನ ಕಬ್ಬಿಣದ ಲೈಟು ಕಂಬ ಕಿತ್ತು ಸಿಮೆಂಟಿನದು ನೆಟ್ಟು ಹೋದರು. ಬುಡದಲ್ಲಿದ್ದ ಮುಷ್ಟಿಗಾತ್ರದ ಕಲ್ಲು ಮಾತ್ರ ಅಲ್ಲೇ ಉಳಿಯಿತು. ಅದರಿಂದ ಹೊಸ ಕಂಬಕ್ಕೆ ಒಂದು ಏಟು ಕೊಟ್ಟು ನೋಡಿದೆ. ಸದ್ದೇ ಇಲ್ಲ. ಕಲ್ಲು ಹಿಡಿದು ಅಲ್ಲೇ ಕುಕ್ಕರಿಸಿದೆ. ಇಷ್ಟಕ್ಕೇ ಹೀಗಾಡುತ್ತಾನಲ್ಲ ಎನ್ನಬೇಡಿ, ಪೂರ್ತಿ ಕೇಳಿದ ಮೇಲೆ ಬೇಕಾದರೆ ನಗಿ.

ಕುರುಗೋಡಿನ ಶಾಲೆಯಲ್ಲಿ ಇತಿಹಾಸ, ಭೂಗೋಳ, ಪೌರನೀತಿ ಮೂರನ್ನೂ ಕಲಿಸಿ, ನಿವೃತ್ತನಾಗಿ ಬಳ್ಳಾರಿಯ ಅಂಚಿನ ಈ ಬಡಾವಣೆಗೆ ಬಂದವನು ನಾನು. ಇಲ್ಲಿ ಈ ಮೂರೂ ನಳದಲ್ಲೇ ಇವೆ. ಭೂಗೋಳವೆಂದರೆ ಇಳಿಜಾರು: ಕೆಳಗಿನ ನನ್ನ ಮನೆಗೆ ನೀರು ಮೊದಲು, ದಿಬ್ಬದ ಮೇಲಿನ ಬಸಮ್ಮನ ಮನೆಗೆ ಕಟ್ಟಕಡೆಗೆ. ಇತಿಹಾಸವೆಂದರೆ, ಇಲ್ಲೇ ಹತ್ತಿರದ ಸಂಗನಕಲ್ಲಿನ ಗುಡ್ಡದಲ್ಲಿ ಬಡಿದರೆ ಗಂಟೆಯ ಹಾಗೆ ಮೊಳಗುವ ಬಂಡೆಗಳಿವೆ. ಹಿಂದಿನವರು ಅವನ್ನು ಬಡಿದು ಯಾರನ್ನು ಕರೆದರೋ, ಆ ಚಾಳಿ ನಾವೂ ಬಿಟ್ಟಿಲ್ಲ. ವಾರಕ್ಕೊಮ್ಮೆ ಯಾವ ಹೊತ್ತಿಗೋ ನೀರು ಬಿಡುತ್ತಾರೆ. ಮೊದಲು ಯಾರ ನಳ ಬುಸುಗುಟ್ಟುತ್ತದೋ ಅವರು ಕಂಬ ಬಾರಿಸಬೇಕು. ಮೇಲಿನವರಿಗೆ ನೀರು ಮುಟ್ಟುವ ತನಕ ಮೋಟರ್ ಹಾಕಬಾರದು. ಇದು ಪೌರನೀತಿ.

ಈ ಪಾಠ ಹೇಳಿಕೊಟ್ಟವಳು ಜೀನ್ಸ್ ಹೊಲಿಯುವ ಬಸಮ್ಮನೇ. ನಾನು ಬಂದ ವಾರವೇ ಕೈಗೆ ಕಲ್ಲು ಕೊಟ್ಟು, “ಸಾರ್, ಇನ್ನ ಇದು ನಿಮ್ಮ ಡ್ಯೂಟಿ. ಜೋರಾಗಿ ಹೊಡೀರಿ, ನಾಚಿಗಿ ಮಾಡ್ಕೋಬ್ಯಾಡ್ರಿ” ಎಂದಳು. ಅಂದಿನಿಂದ ನನಗೆ ನಿಶ್ಚಿಂತೆ ಎಂಬುದಿಲ್ಲ. ಸ್ನಾನಕ್ಕೆ ಕೂತರೂ ಕಿವಿ ಅಂಗಳದಲ್ಲೇ. “ನೀವು ನಳಾನ ಮದಿವಿ ಆಗಬೇಕಿತ್ತು” ಎಂದು ಹೆಂಡತಿ ಗೊಣಗುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಹನ್ನೆರಡು ದಿನವಾದರೂ ನೀರು ಬರಲಿಲ್ಲ. ಹದಿಮೂರನೆಯ ದಿನ ಉರಿಬಿಸಿಲಿನಲ್ಲಿ ನಳ ಬುಸುಗುಟ್ಟಿತು. ಓಣಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಮಾಳಿಗೆ ಮೇಲಿನ ನಮ್ಮ ನೀರಿನ ಟಾಕಿ ಅರ್ಧ ತುಂಬಲಿ, ಆಮೇಲೆ ಬಾರಿಸಿದರಾಯಿತು ಎಂದು ಮೋಟರ್ ಹಾಕಿದೆ. ಅರ್ಧ ಹೋಗಿ ಪೂರ್ತಿಯಾಯಿತು, ಅಷ್ಟರಲ್ಲಿ ನೀರೂ ನಿಂತಿತು. ಸ್ವಲ್ಪ ಹೊತ್ತಿಗೆ ಬಸಮ್ಮ ಖಾಲಿ ಕೊಡ ಹಿಡಿದು ಬಂದಳು.

“ನೀರು ಬಂದಿತ್ತೇನ್ರಿ ಸಾರ್? ಮಗಳು ಬಾಣಂತಿ ಅದಾಳ, ಮನ್ಯಾಗ ಒಂದು ಹನಿ ಇಲ್ಲ.”

“ಇಲ್ಲವಲ್ಲ ಬಸಮ್ಮ” ಎಂದೆ. ಹಿಂದೆ ತುಂಬಿ ಉಕ್ಕಿದ ನಮ್ಮ ಟಾಕಿಯ ಕೊಳವೆ ತೊಟಕು ತೊಟಕು ಎನ್ನುತ್ತಿತ್ತು. ಅವಳು ಒಮ್ಮೆ ಮೇಲೆ ನೋಡಿದಳು. “ಆತು ಬಿಡ್ರಿ” ಎಂದು ಹೋದಳು. ಎಲ್ಲಿಯದೋ ಬೋರಿನಿಂದ ಕೊಡ ಹೊತ್ತು ಅವಳು ದಿಬ್ಬ ಏರುವುದನ್ನು ಕಿಟಕಿಯಿಂದ ನೋಡಿದೆ. ನಮ್ಮ ಟಾಕಿಯಿಂದ ನಾಲ್ಕು ಕೊಡ ಕೊಟ್ಟರೆ ಸುಳ್ಳು ಹೊರಗೆ ಬೀಳುತ್ತದೆಂದು ಅದನ್ನೂ ಕೊಡಲಿಲ್ಲ. ಥೂ ನನ್ನ ಜನ್ಮಕ್ಕೆ.

ಅವಳಿಗೆ ಗೊತ್ತಾಯಿತೋ ಇಲ್ಲವೋ ಎಂಬ ಪುಕುಪುಕು ಅಂದು ಹತ್ತಿದ್ದು ಇಳಿಯಲೇ ಇಲ್ಲ. “ಊಟ ಆತೇನ್ರಿ?” ಎಂದು ಅವಳು ಕೇಳಿದರೂ ಅದರೊಳಗೆ ಬೇರೆ ಅರ್ಥ ಹುಡುಕುತ್ತಿದ್ದೆ. ಆಮೇಲೆ ಒಮ್ಮೆಯೂ ಕಂಬ ತಪ್ಪಿಸಿದವನಲ್ಲ.

ಇವತ್ತು ಮಧ್ಯಾಹ್ನ ನಳ ಬುಸುಗುಟ್ಟಿತು. ಓಣಿಯವರ ಫೋನಿನ ಗುಂಪಿಗೆ ಸುದ್ದಿ ಹಾಕಿದೆ. ಬಸಮ್ಮನದು ಬಟನ್ ಫೋನು, ಕರೆದರೆ ಎತ್ತಲಿಲ್ಲ. ಮಂಡಿ ಹಿಡಿದುಕೊಂಡು ದಿಬ್ಬ ಹತ್ತಿದೆ. ಬಾಗಿಲಲ್ಲಿ ಅವಳ ಮುಖ ಕಂಡದ್ದೇ ತಡ, ನೀರಿನ ಸುದ್ದಿಯ ಹಿಂದೆಯೇ ಹಳೆಯದೂ ಬಾಯಿಂದ ಬಂದುಬಿಟ್ಟಿತು.

“ನೀರು ಬಂದೈತಿ ಬಸಮ್ಮ. ಅವತ್ತೂ ಬಂದಿತ್ತು. ಮಗಳು ಬಾಣಂತಿ ಇದ್ದಾಗ.”

“ಗೊತ್ತೈತ್ರಿ ಸಾರ್. ಟಾಕಿ ಸೋರಾಕತ್ತಿತ್ತಲ್ಲ.”

“ಮತ್ತ ಬೈಲಿಲ್ಲ ಯಾಕ?”

ಅವಳು ನಳದ ಕೆಳಗೆ ಕೊಡ ಸರಿಸಿದಳು. “ಬೈದಿದ್ರ ನಾಚಿಗಿಗೆ ನೀವು ಕಂಬದ ಕಡಿ ಬರ್ತಿದ್ದಿಲ್ಲ. ನೀರು ನಿಮ್ಮ ಮನಿಗಿ ಬಂದ ಮ್ಯಾಲೇ ಅಲ್ಲೇನ್ರಿ ನಮಗ ಬರಾದು?” ಎಂದಳು. ನನ್ನ ಮುಖ ನೋಡಿ, “ಮೋಟರ್ ಹಾಕಿ ಬಂದೀರೇನು?” ಎಂದೂ ಕೇಳಿದಳು.

“ಇಲ್ಲ” ಎಂದೆ. ಅವಳ ನಳ ಬುಸುಗುಟ್ಟುವ ತನಕ ಕಟ್ಟೆಯ ಮೇಲೆ ಕೂತೇ ಇದ್ದೆ.