ಕಟಪಾಡಿ ಎನ್ನಲು ಹಿಡಿದ ಹೊತ್ತು

ಕಾರ್ಕಳದಿಂದ ಮಣಿಪಾಲಕ್ಕೆ ಬೆಳಿಗ್ಗೆ ಏಳು ನಲವತ್ತಕ್ಕೆ ಹೊರಡುವ ಬಸ್ಸಿನ ಡ್ರೈವರ್ ನಾನು. ಹೆಸರು ಹೆರಾಲ್ಡ್, ಊರು ಉದ್ಯಾವರ. ಇಪ್ಪತ್ತೊಂಬತ್ತು ವರ್ಷಗಳಿಂದ ಸ್ಟೇರಿಂಗ್ ಹಿಡಿದಿದ್ದೇನೆ. ಒಂದು ನಿಮಿಷವನ್ನೂ ಯಾರಿಗೂ ಬಿಟ್ಟುಕೊಟ್ಟವನಲ್ಲ. ನಮ್ಮ ಕಡೆಯ ಖಾಸಗಿ ಬಸ್ಸುಗಳಲ್ಲಿ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಬೆನ್ನಿಗೆ ಮೂರೇ ನಿಮಿಷದ ಅಂತರದಲ್ಲಿ ಇನ್ನೊಂದು ಬಸ್ಸು ಇರುತ್ತದೆ. ನಾವು ಸ್ವಲ್ಪ ತಡ ಮಾಡಿದರೂ ಮುಂದಿನ ಸ್ಟಾಪಿನ ಜನ ಅವರ ಪಾಲು. ಇಂಥ ನಾನು ನನ್ನ ಕಂಡಕ್ಟರನನ್ನು ಹೊಗಳಲು ಕುಳಿತಿದ್ದೇನೆಂದರೆ ನನ್ನ ಹೆಂಡತಿಯೂ ನಂಬುವುದಿಲ್ಲ.

ಕಂಡಕ್ಟರನ ಹೆಸರು ಜಿತೇಂದ್ರ. ಕಾಪುವಿನವನು, ವಯಸ್ಸು ಮೂವತ್ತೊಂದು. ಅವನ ಅಮ್ಮ ಅಕ್ಕು ಮೀನು ಮಾರುತ್ತಾರೆ. ಜಿತೇಂದ್ರನಿಗೆ ಚಿಕ್ಕಂದಿನಿಂದಲೂ ತೊದಲು. ಅದರಲ್ಲೂ ‘ಕ’ ಬಂತೆಂದರೆ ಮುಗಿಯಿತು, ಗಂಟಲಿಗೆ ಯಾರೋ ಕೈ ಹಾಕಿ ಹಿಡಿದಂತೆ ನಿಂತುಬಿಡುತ್ತಾನೆ. ಶಾಲೆಯಲ್ಲಿ ಹೆಸರು ಕೂಗಿದಾಗ ಹಾಜರಿ ಹೇಳಲಾಗದೆ, ಎದುರಿನ ಬೆಂಚಿನಲ್ಲೇ ಕುಳಿತಿದ್ದೂ ಒಂದು ವಾರ ಗೈರುಹಾಜರಾಗಿದ್ದನಂತೆ. ಅಂಥವನಿಗೆ ಬಸ್ಸಿನ ಹುಚ್ಚು. ಸಮುದ್ರಕ್ಕೆ ಹೋಗು ಎಂದರೆ ಹೋಗಲಿಲ್ಲ, ಚೀಲ ಹೆಗಲಿಗೆ ಹಾಕಿ ಕಂಡಕ್ಟರ್ ಆದ.

ಆಗಬಾರದೆಂದೇನೂ ಇಲ್ಲ. ಆದರೆ ನಮ್ಮ ರೂಟನ್ನು ನೋಡಿ. ಕಾರ್ಕಳ, ಬೆಳ್ಮಣ್, ಶಿರ್ವ, ಕಾಪು, ಕಟಪಾಡಿ, ಉದ್ಯಾವರ, ಉಡುಪಿ, ಮಣಿಪಾಲ. ಎಂಟರಲ್ಲಿ ಮೂರು ‘ಕ’!

ಮೊದಲ ಆರು ವರ್ಷ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಮುಂದಿನ ಬಾಗಿಲಲ್ಲಿ ಕೂಸಪ್ಪಣ್ಣ ಎಂಬ ಹಿರಿಯರಿದ್ದರು. ಊರ ಹೆಸರು ಕೂಗುವುದು ಅವರ ಕೆಲಸ, ಟಿಕೆಟ್ ಕೊಡುವುದು ಇವನ ಕೆಲಸ. ಕೂಸಪ್ಪಣ್ಣ ನಿವೃತ್ತರಾದ ಮೇಲೆ ಬಸ್ಸಿನ ಧಣಿ ಜೇಮ್ಸ್ ಹೊಸಬರನ್ನು ಹಾಕಲಿಲ್ಲ. ಒಬ್ಬ ಸಾಕು ಎಂದರು. ಕೂಗುವ ಕೆಲಸವೂ ಜಿತೇಂದ್ರನ ಕೊರಳಿಗೆ ಬಿತ್ತು.

ಆಸಾಮಿ ಉಪಾಯಗಾರ. ಕಾರ್ಕಳಕ್ಕೆ ‘ಗೊಮ್ಮಟ’ ಎಂದು ಕೂಗಿದ, ಕಾಪುವಿಗೆ ‘ಲೈಟ್‌ಹೌಸ್’ ಎಂದ. ಆ ಎರಡು ಊರುಗಳಿಗೆ ಹೆಸರು ತಂದವು ಅವೇ ಆದ್ದರಿಂದ, ಜನ ನಕ್ಕರೂ ಅವರಿಗೆ ಗೊತ್ತಾಗುತ್ತಿತ್ತು. ಕಟಪಾಡಿಗೆ ಮಾತ್ರ ಎಷ್ಟು ತಲೆ ಕೆರೆದುಕೊಂಡರೂ ಬದಲಿ ಹೆಸರು ಸಿಗಲಿಲ್ಲ. ಅಲ್ಲಿ ಅವನು ಬಾಯಿ ತೆರೆದು ನಿಲ್ಲುವುದನ್ನು ಕನ್ನಡಿಯಲ್ಲಿ ನೋಡಿ, ಡ್ರೈವರ್ ಸೀಟಿನಿಂದ ನಾನೇ “ಕಟಪಾಡಿ!” ಎಂದು ಅರಚುತ್ತಿದ್ದೆ. ಬರಬರುತ್ತಾ ಅವನು ಏನು ಹೇಳಲು ಹೊರಟರೂ ಅರ್ಧದಲ್ಲೇ ನಾನು ಮುಗಿಸಿಕೊಡುವುದು ರೂಢಿಯಾಯಿತು. ನನ್ನ ಮಟ್ಟಿಗೆ ಅದು ದೊಡ್ಡ ಉಪಕಾರವೇ ಆಗಿತ್ತು.

ಹೀಗಿರುವಾಗ ಮಣಿಪಾಲದ ಹೋಟೆಲೊಂದರಲ್ಲಿ ಒಂದು ಶಿಬಿರ ನಡೆಯಿತು. ಆಕರ್ಷಣೆಯ ನಿಯಮವಂತೆ. ಬೇಕಾದದ್ದು ಆಗಲೇ ಸಿಕ್ಕಿದೆ ಎಂದು ಗಟ್ಟಿಯಾಗಿ ನಂಬಿದರೆ ಅದು ತಾನಾಗಿ ನಮ್ಮ ಕಡೆಗೆ ಬರುತ್ತದಂತೆ. ಜಿತೇಂದ್ರ ರಜೆ ಹಾಕಿ ಹೋಗಿ ಬಂದ. ಬಂದವನ ಕಣ್ಣಲ್ಲಿ ಹೊಸ ಮದುಮಗನ ಕಳೆ. ದಿನಕ್ಕೆ ಐವತ್ತೈದು ಸಲದಂತೆ ಇಪ್ಪತ್ತೊಂದು ದಿನ ಪುಸ್ತಕದಲ್ಲಿ ಬರೆಯಬೇಕು: ‘ನನ್ನ ಮಾತು ನದಿಯಂತೆ ಹರಿಯುತ್ತಿದೆ.’ ತೊದಲು ಎಂಬ ಪದವನ್ನು ಮನಸ್ಸಿನಲ್ಲೂ ತರಬಾರದು. ತಂದರೆ ತೊದಲೇ ಬರುತ್ತದೆ.

ನೀವೇ ಹೇಳಿ, ತರಬಾರದು ಎಂದ ಮೇಲೆ ಬೇರೆ ಏನು ಬರುತ್ತದೆ? ಮಣಿಪಾಲದಲ್ಲಿ ಬಸ್ಸು ನಿಂತಾಗೆಲ್ಲ ಹಿಂದಿನ ಸೀಟಿನಲ್ಲಿ ಕುಳಿತು ಬರೆಯುತ್ತಿದ್ದ. ಬರೆದಷ್ಟೂ ಅವನ ಲಕ್ಷ್ಯವೆಲ್ಲ ತನ್ನ ನಾಲಿಗೆಯ ಮೇಲೆಯೇ. ಹತ್ತನೆಯ ದಿನಕ್ಕೆ ‘ಲ’ ಕೂಡ ಸಿಕ್ಕಿಕೊಳ್ಳತೊಡಗಿತು, ಲೈಟ್‌ಹೌಸೂ ಹೋಯಿತು. ನಾನು ಬೈದರೆ, “ನಿ...ನಿಮ್ಮಂಥವರ ಅನುಮಾನದಿಂದಲೇ ಅಣ್ಣ, ಅ...ಅದು ಬರುವುದಿಲ್ಲ” ಎಂದ. ಇದೊಳ್ಳೆ ಕತೆ. ಬಂದರೆ ನಿಯಮದ ಮಹಿಮೆ, ಬಾರದಿದ್ದರೆ ಹೆರಾಲ್ಡನ ತಪ್ಪು!

ಇಪ್ಪತ್ತೊಂದನೆಯ ದಿನ ಅವನು ನನ್ನ ಹತ್ತಿರ ಬಂದು, “ಇವತ್ತು ನೀವು ಹೇಳಬೇಡಿ ಅಣ್ಣ, ನಾ...ನಾನೇ ಹೇಳ್ತೇನೆ” ಎಂದು ಬೇಡಿಕೊಂಡ. ಆಗಲಿ ಎಂದೆ. ಬೆಳ್ಮಣ್‌ನಲ್ಲಿ ನಾನು ಎಂದಿನಂತೆ ಎರಡು ನಿಮಿಷದ ಚಾ ಮುಗಿಸಿ ಬರುವಾಗ ಕಾನ್ಸೆಪ್ಟಾ ಎಂಬ ಮುದುಕಿ ಹತ್ತಿದರು. ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿದ್ದರು. “ಕಟಪಾಡಿ ಬಂದಾಗ ಹೇಳು ಮಗಾ, ನನಗೆ ಹೊರಗೆ ಎಂತದೂ ಸರಿ ಕಾಣುವುದಿಲ್ಲ. ತಂಗಿ ತೀರಿಹೋಗಿದ್ದಾಳೆ. ಹತ್ತು ಗಂಟೆಗೆ ಶವದ ಪೆಟ್ಟಿಗೆ ಮುಚ್ಚುತ್ತಾರೆ, ಮತ್ತೆ ಮುಖ ನೋಡಲಿಕ್ಕಿಲ್ಲ” ಎಂದು ಜಿತೇಂದ್ರನ ಕೈ ಹಿಡಿದು ಹೇಳಿದರು.

ಆ ದಿನ ಶಿರ್ವದಲ್ಲಿ ಟಯರ್ ಪಂಕ್ಚರ್ ಆಗಿ ನಮಗೆ ಮೊದಲೇ ತಡವಾಗಿತ್ತು. ಕಟಪಾಡಿಯಲ್ಲಿ ಬಸ್ಸು ನಿಂತಿತು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಜಿತೇಂದ್ರ ಮುದುಕಿಯ ಎದುರು ನಿಂತಿದ್ದ. ಭುಜ ಮುಟ್ಟಿ ಎಬ್ಬಿಸಿದ್ದರೆ ಸಾಕಿತ್ತು. ಆದರೆ ಅವನು ಆ ಶಬ್ದಕ್ಕಾಗಿ ಕಾಯುತ್ತಿದ್ದ, ಇವತ್ತು ಬಂದೇ ಬರುತ್ತದೆಂದು ನಂಬಿ ನಿಂತಿದ್ದ. ಹಿಂದಿನ ಬಸ್ಸು ಹಾರ್ನ್ ಮೇಲೆ ಹಾರ್ನ್ ಹೊಡೆಯಿತು. ಅವನು ವಿಷಲ್ ಊದುವ ಮೊದಲೇ ನಾನು ಗಾಡಿ ಎತ್ತಿಬಿಟ್ಟೆ. ಉದ್ಯಾವರ ದಾಟುವಾಗ ಕಾನ್ಸೆಪ್ಟಾಬಾಯಿ, “ಕಟಪಾಡಿ ಇನ್ನೂ ಬರಲಿಲ್ಲವಾ ಮಗಾ?” ಎಂದು ಕೇಳಿದರು.

ಅವರನ್ನು ರಿಕ್ಷಾದಲ್ಲಿ ಹಿಂದಕ್ಕೆ ಕಳಿಸಿದೆವು. ತಲುಪುವಷ್ಟರಲ್ಲಿ ಪೆಟ್ಟಿಗೆ ಮುಚ್ಚಿ ಆಗಿತ್ತಂತೆ. ಸುದ್ದಿ ಧಣಿಗೆ ಹೋಯಿತು. “ತಿಂಗಳ ಕೊನೆಗೆ ನಾನೇ ಬಸ್ಸಿನಲ್ಲಿ ಬರ್ತೇನೆ. ಊರಿನ ಹೆಸರು ಹೇಳಲಿಕ್ಕೆ ಆಗದವ ಕಂಡಕ್ಟರ್ ಹೇಗೆ ಆಗ್ತಾನೆ? ಆಗದಿದ್ದರೆ ಬೇರೆ ಕೆಲಸ ನೋಡಲಿ” ಎಂದರು. ಧಣಿಯ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಜಿತೇಂದ್ರ ಆ ಸಂಜೆ ಬಸ್ಸು ತೊಳೆಯುತ್ತಾ ಅತ್ತ. ಗಾಡಿ ಎತ್ತಿದವನು ನಾನು, ಬೈಸಿಕೊಂಡವನು ಅವನು. ನನಗೂ ಊಟ ಸೇರಲಿಲ್ಲ.

ಮಣಿಪಾಲದಲ್ಲಿ ಮಾತಿನ ಚಿಕಿತ್ಸೆ ಮಾಡುವವರಿದ್ದಾರೆಂದು ನನ್ನ ಮಗಳು ಟೀನಾ ಹೇಳಿದಳು. ನಾನೇ ಅವನನ್ನು ಎಳೆದುಕೊಂಡು ಹೋದೆ. ಅಲ್ಲಿದ್ದವರು ಕ್ಯಾರೆನ್ ಎಂಬ ಡಾಕ್ಟರಮ್ಮ. ಅವರ ಮೇಜಿನ ಹಿಂದೆ ಗೋಡೆಯಲ್ಲಿ ಒಂದು ಚಿತ್ರ. ಕಪ್ಪು ಮಸಿಯಲ್ಲಿ ಬರೆದ ಒಂದು ಸುತ್ತು, ಅದೂ ಪೂರ್ತಿ ಕೂಡಿರಲಿಲ್ಲ. ಮಕ್ಕಳು ಗೀಚಿದ್ದೇ ಎಂದು ಕೇಳಿದೆ. ಅವರು ನಕ್ಕರು. ಜಪಾನಿನ ಝೆನ್ ಸನ್ಯಾಸಿಗಳು ಬರೆಯುವ ಚಿತ್ರವಂತೆ. ಒಂದೇ ಉಸಿರಿಗೆ ಬರೆಯುತ್ತಾರೆ, ಹೇಗೆ ಬಂತೋ ಹಾಗೆ ಬಿಡುತ್ತಾರೆ, ತಿದ್ದಲು ಹೋಗುವುದಿಲ್ಲ.

ಜಿತೇಂದ್ರ ತನ್ನ ಪುಸ್ತಕ ತೋರಿಸಿದ. ಅವರು ಪುಟ ತಿರುವಿ ನೋಡಿ ಕೇಳಿದರು: “ತೊದಲಬಾರದು ಅಂತ ದಿನಕ್ಕೆ ಎಷ್ಟು ಹೊತ್ತು ಒದ್ದಾಡ್ತೀರಿ?”

“ಎ...ಎದ್ದಲ್ಲಿಂದ ಮಲಗುವವರೆಗೆ.”

“ಆ ಒದ್ದಾಟವೇ ನಿಮ್ಮ ಗಂಟಲು ಹಿಡಿಯುವುದು. ತೊದಲು ಅಷ್ಟು ದೊಡ್ಡದಲ್ಲ. ಸರಾಗವಾಗಿ ಮಾತಾಡಬೇಕು ಎನ್ನುವ ಆಸೆಯನ್ನು ಸ್ವಲ್ಪ ದಿನ ಬಿಡಿ. ಬೇಕಂತಲೇ ತೊದಲಿ. ಅಪರಿಚಿತರ ಎದುರು ಹೋಗಿ, ಕಣ್ಣಿಗೆ ಕಣ್ಣು ಕೊಟ್ಟು ತೊದಲಿ.”

ನನಗೆ ತಲೆ ಕೆಟ್ಟಿತು. ಕಾಲು ಮುರಿದವನಿಗೆ ಕುಂಟು ಎಂದ ಹಾಗಾಯಿತು ಎಂದೆ. ಅವರು ನನ್ನ ಕಡೆ ತಿರುಗಿದರು. ಅಷ್ಟು ಹೊತ್ತಿನಲ್ಲಿ ಅವನ ಏಳು ಮಾತುಗಳನ್ನು ನಾನು ಮುಗಿಸಿಕೊಟ್ಟಿದ್ದೆನಂತೆ, ಅವರು ಎಣಿಸಿದ್ದರಂತೆ. “ಅವರು ಹೇಳುವುದು ನಿಮಗೆ ಗೊತ್ತುಂಟು ಅಂತ ಅವರ ಬಾಯಿಂದ ಕಿತ್ತುಕೊಳ್ಳಬೇಡಿ. ಬಿಡಬೇಕಾದ ಚಟ ನಿಮಗೂ ಒಂದು ಉಂಟು.” ಸಿಟ್ಟು ಬಂತು. ಯಾರಾದರೂ ನಿಜ ಹೇಳಿದರೆ ನನಗೆ ಯಾವಾಗಲೂ ಸಿಟ್ಟೇ ಬರುವುದು.

ಬುಧವಾರ ಆದಿ ಉಡುಪಿಯ ಸಂತೆಗೆ ಹೋದೆವು. ನಾನು ಚೀಲ ಹಿಡಿದು ಹಿಂದೆ, ಅವನು ಮುಂದೆ. ಹುಡುಕಿ ಹುಡುಕಿ ‘ಕ’ದ ತರಕಾರಿಗಳನ್ನೇ ಕೇಳಿದ. “ಕ...ಕ...ಕುಂಬಳಕಾಯಿ ಹೇಗೆ?” “ಕ...ಕೆಸು ಉಂಟಾ?” ಮೊದಲನೆಯ ಅಂಗಡಿಯಲ್ಲಿ ಅವನ ಕಿವಿಯವರೆಗೂ ಬೆವರು. ಒಬ್ಬ ಕಿಸಕ್ಕನೆ ನಕ್ಕ. ಹೆಂಗಸೊಬ್ಬರು ಕನಿಕರಪಟ್ಟು ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದರು. ಉಳಿದವರು ತಕ್ಕಡಿ ನೋಡುತ್ತಾ ಕಾದರು, ಬೆಲೆ ಹೇಳಿದರು, ಮುಂದಿನ ಗಿರಾಕಿಯ ಕಡೆ ತಿರುಗಿದರು. ಹತ್ತನೆಯ ಅಂಗಡಿಯಿಂದ ಬಂದವನು ನನ್ನ ಮುಖ ನೋಡಿ ಗಟ್ಟಿಯಾಗಿ ನಕ್ಕ.

“ಅಣ್ಣ, ಇ...ಇಷ್ಟು ವರ್ಷ ಎಲ್ಲರೂ ನನ್ನ ಬಾಯಿಯನ್ನೇ ನೋಡ್ತಾರೆ ಅಂತ ಎಣಿಸಿಕೊಂಡಿದ್ದೆ. ಅ...ಅವರಿಗೆ ಬೇರೆ ಕೆಲಸ ಉಂಟು ಮಾರಾಯ್ರೆ!”

ಆ ದಿನ ನಮ್ಮ ಎರಡೂ ಮನೆಗಳಲ್ಲಿ ಕುಂಬಳಕಾಯಿ ಸಾರು. ಜಿತೇಂದ್ರ ಮತ್ತೆ ಆ ಪುಸ್ತಕ ಮುಟ್ಟಲಿಲ್ಲ, ಅದರ ಹಾಳೆಗಳಲ್ಲಿ ಅಕ್ಕು ಒಣಮೀನು ಕಟ್ಟಿ ಮಾರಿದರು. ಕಾನ್ಸೆಪ್ಟಾಬಾಯಿಯ ಮನೆಗೆ ಒಬ್ಬನೇ ಹೋಗಿ ಕ್ಷಮೆ ಕೇಳಿ ಬಂದ. ತೊದಲುತ್ತಲೇ ಕೇಳಿದನಂತೆ, ಅವರು ಕೊನೆಯವರೆಗೂ ಕಾದು, ಆಮೇಲೆ ಚಾ ಕೊಟ್ಟರಂತೆ. ಗೊಮ್ಮಟ, ಲೈಟ್‌ಹೌಸ್ ಎರಡನ್ನೂ ಬಿಟ್ಟ. “ಕ...ಕ...ಕಾರ್ಕಳ!” ಎಂದು ನಿಲ್ದಾಣದ ಆ ತುದಿಗೆ ಕೇಳುವಂತೆ ಕೂಗತೊಡಗಿದ. ತೊದಲು ಹೋಗಲಿಲ್ಲ. ಅದನ್ನು ಬಚ್ಚಿಡುವ ಕೆಲಸ ತಪ್ಪಿದ್ದರಿಂದ ಗಂಟಲಿನ ಬಿಗಿತ ಎಷ್ಟೋ ಸಡಿಲವಾಯಿತು, ಅಷ್ಟೇ. ಕಾಲೇಜು ಹುಡುಗನೊಬ್ಬ ಅಣಕಿಸಿದಾಗ, “ಹೌದು ಮಾರಾಯ, ನಾನು ತೊ...ತೊದಲುವವ. ನೀನು ಪಾಸ್ ತೋರಿಸು” ಎಂದ. ಇಡೀ ಬಸ್ಸು ನಕ್ಕಿತು, ಹುಡುಗನ ಮೇಲೆ.

ತಿಂಗಳ ಕೊನೆಯ ಶನಿವಾರ ಜೇಮ್ಸ್ ಧಣಿ ಕಾರ್ಕಳದಲ್ಲಿ ಹತ್ತಿ ನನ್ನ ಹಿಂದಿನ ಸೀಟಿನಲ್ಲೇ ಕುಳಿತರು. ಕಟಪಾಡಿಯಲ್ಲಿ ಬ್ರೇಕ್ ಹಾಕಿದೆ. ಜಿತೇಂದ್ರ ನಡುವಿನಲ್ಲಿ ನಿಂತು ಬಾಯಿ ತೆರೆದ.

“ಕ...”

ನಿಂತಿತು. ಆ ತಿಂಗಳಲ್ಲೇ ಅಷ್ಟು ಉದ್ದ ನಿಂತದ್ದು ಅದೇ ಮೊದಲು. ಕನ್ನಡಿಯಲ್ಲಿ ನೋಡಿದೆ. ಅವನು ಕಣ್ಣು ಕೆಳಗೆ ಹಾಕಿರಲಿಲ್ಲ. ಧಣಿಯ ಮುಖ ನೋಡುತ್ತಾ, ಸುಮ್ಮನೆ, ಬರುವಾಗ ಬರಲಿ ಎಂಬಂತೆ ನಿಂತಿದ್ದ. ಇಳಿಯುವವರು ಇಳಿದಾಗಿತ್ತು. ಹಿಂದಿನ ಬಸ್ಸು ಬಂದು ಹಾರ್ನ್ ಹೊಡೆಯಿತು. ನನ್ನ ನಾಲಿಗೆಯ ತುದಿಗೆ ಇಡೀ ಕಟಪಾಡಿ ಬಂದು ಕುಳಿತಿತ್ತು.

“ನೀನೇ ಹೇಳಿಬಿಡು ಹೆರಾಲ್ಡ್, ಹೊತ್ತಾಗ್ತದೆ” ಎಂದರು ಧಣಿ.

“ಕಂಡಕ್ಟರ್ ಹೇಳ್ತಾರೆ ಸರ್” ಎಂದೆ. ಎಂಜಿನ್ ಆಫ್ ಮಾಡಿದೆ.

ಹಿಂದಿನ ಬಸ್ಸು ನಮ್ಮನ್ನು ದಾಟಿ ಹೋಯಿತು. ಇಪ್ಪತ್ತೊಂಬತ್ತು ವರ್ಷದಲ್ಲಿ ನಾನಾಗಿ ಬಿಟ್ಟುಕೊಟ್ಟ ಮೊದಲ ಬಸ್ಸು ಅದು.

“ಕ...ಕ...ಕಟಪಾಡಿ!”

ಕೊನೆಯ ಸೀಟಿನಲ್ಲಿ ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡಿದ್ದ ಮುದುಕರೊಬ್ಬರು ಗಡಬಡಿಸಿ ಎದ್ದರು. “ಓ, ನಾನುಂಟು, ನಾನುಂಟು” ಎನ್ನುತ್ತಾ ಕೊಡೆ ಎತ್ತಿಕೊಂಡು ಇಳಿದರು. ಜಿತೇಂದ್ರ ಅವರ ಚೀಲ ಕೆಳಗಿಳಿಸಿಕೊಟ್ಟು ವಿಷಲ್ ಊದಿದ.

ಉಡುಪಿಯಲ್ಲಿ ಇಳಿಯುವಾಗ ಧಣಿ ಅವನನ್ನು ಹತ್ತಿರ ಕರೆದರು. “ಇದು ಯಾವಾಗ ಪೂರ್ತಿ ಗುಣ ಆಗ್ತದೆ?”

“ಹೋ...ಹೋಗುವುದಾದರೆ ಹೋಗಲಿ ಸರ್, ಇ...ಇರುವುದಾದರೆ ಇರಲಿ. ಜನ ಇಳಿಯುವಲ್ಲಿ ಇ...ಇಳೀತಾರೆ.”

ಧಣಿ ನನ್ನ ಕಡೆ ತಿರುಗಿ, “ನೀನು ಬೆಳ್ಮಣ್‌ನಲ್ಲಿ ಚಾ ಕುಡಿಯುವುದು ಬಿಡು ಮಾರಾಯ. ಆ ಎರಡು ನಿಮಿಷ ಇವನಿಗಿರಲಿ” ಎಂದು ಹೇಳಿ ಇಳಿದು ಹೋದರು.

ಈಗ ಬೆಳ್ಮಣ್‌ನಲ್ಲಿ ನನಗೆ ಚಾ ಇಲ್ಲ. ಕಟಪಾಡಿಯಲ್ಲಿ ಬ್ರೇಕ್ ಹಾಕಿ ಕಾಯುತ್ತೇನೆ. ಕೆಲವು ದಿನ ಹೆಸರು ಥಟ್ಟನೆ ಬರುತ್ತದೆ, ಕೆಲವು ದಿನ ಹಿಂದಿನ ಬಸ್ಸು ದಾಟಿ ಹೋಗುತ್ತದೆ. ಆ ಬಸ್ಸಿನ ಡ್ರೈವರ್ ಹೋಗುವಾಗ ನನ್ನನ್ನು ನೋಡಿ ಹಲ್ಲು ಕಿರಿಯುತ್ತಾನೆ. ಕಿರಿಯಲಿ. ನನ್ನ ಕಂಡಕ್ಟರ್ ಮಾತಾಡುತ್ತಿದ್ದಾನೆ.