ನಳ ಬಂತು, ಗಂಗವ್ವ ಬರಲಿಲ್ಲ

ಹೋದ ವಾರ ಒಂದು ಬೆಳಿಗ್ಗೆ ನಳದ ಕೆಳಗೆ ಬಕೆಟ್ ಇಟ್ಟು ಗಡ್ಡ ಮಾಡಿಕೊಂಡೆ, ಪೇಪರ್ ಓದಿದೆ, ಚಹಾ ಕುಡಿದೆ. ಬಂದು ನೋಡಿದರೆ ಬಕೆಟ್ ಅರ್ಧವೂ ತುಂಬಿರಲಿಲ್ಲ!

ನಮ್ಮ ಮನೆಯ ಬಾವಿಯಲ್ಲಿ ಬೇಸಿಗೆಯಲ್ಲೂ ಬತ್ತದ ನೀರು. ಆದರೂ ನನಗೆ ನಳದ ಹುಚ್ಚು. ಮುಂಬಯಿಯ ಬೀಗರ ಮನೆಯಲ್ಲಿ ನಳ ತಿರುಗಿಸಿ ಸ್ನಾನ ಮಾಡಿ ಬಂದಾಗಿನಿಂದ ಹಿಡಿದದ್ದು. ಬಾವಿಗೆ ಕೈಪಂಪು, ಬಚ್ಚಲಿನ ಮಾಳಿಗೆಯ ಮೇಲೊಂದು ನೀರಿನ ಟಾಕಿ, ಅಲ್ಲಿಂದ ಪೈಪು. ಕಸ ಬೀಳದಿರಲೆಂದು ಬಾವಿಯ ಬಾಯಿಗೆ ಹಲಗೆ ಹೊಡೆಸಿದೆ. ಜಮಖಂಡಿಯ ನಮ್ಮ ಓಣಿಯಲ್ಲಿ ನಳವಿರುವ ಮೊದಲ ಮನೆ! (ಅಷ್ಟಾದರೂ ಜಂಬ ಬೇಡವೇ?)

ಮುಧೋಳದಿಂದ ಮೇಸ್ತ್ರಿಯನ್ನು ಕರೆಸಿದೆ. ಆತ ಮೇಲೆ ನೋಡಿ, ಕೆಳಗೆ ನೋಡಿ, ನಕ್ಕ.

“ಟಾಕಿ ಭಾಳ ಕೆಳಗ ಐತ್ರಿ ಸರ. ಪ್ರೆಶರ್ ಎಲ್ಲಿಂದ ಬರಬೇಕು? ಇನ್ನ ಆರು ಫೂಟು ಮ್ಯಾಲ ಏರಸ್ರಿ, ಧೋ ಅಂತ ಬೀಳತೈತಿ.”

ಏರಿಸಬಹುದು. ಆದರೆ ಆತ ಹೋದ ಮೇಲೆ ಮನೆ ಬಿಕೋ ಎಂದಿತು. ಹಲಗೆ ಹೊಡೆಸಿದ ದಿನದಿಂದ ರಾಟೆಯ ಸದ್ದಿಲ್ಲ, ಕೊಡಗಳ ಸದ್ದಿಲ್ಲ. ಹೆಂಡತಿ ತೀರಿಕೊಂಡ ಮೇಲೂ ಓಣಿಯ ಹೆಂಗಸರು ನಮ್ಮ ಬಾವಿಗೇ ಬರುತ್ತಿದ್ದರು. ತಮ್ಮ ನೀರು ಸೇದಿಕೊಂಡ ಮೇಲೆ ನನ್ನ ಹಂಡೆಗೂ ಒಂದೊಂದು ಕೊಡ ಸುರಿದು ಹೋಗುವುದು ಅವರ ಪದ್ಧತಿ. ಎದುರುಮನೆಯ ಗಂಗವ್ವನಂತೂ ಕಿಟಕಿಯಲ್ಲಿ ಇಣುಕಿ, “ಉಂಡ್ರಿಲ್ಲೋ ರಾಯರ?” ಎಂದು ಗದರುತ್ತಿದ್ದಳು. ನನ್ನನ್ನು ದಿನಾಲು ಮಾತನಾಡಿಸುತ್ತಿದ್ದವರು ಅವರಷ್ಟೇ ಎಂಬುದು ಈಗ ತಿಳಿಯುತ್ತಿದೆ.

ಅವತ್ತು ಸಂಜೆ ಗಂಗವ್ವ ಕೊಡ ಹೊತ್ತು ಆಚೆ ಓಣಿಯ ಬಾವಿಗೆ ಹೊರಟಿದ್ದಳು. ತಡೆದು ಕೇಳಿದೆ: ಇಷ್ಟು ದೂರ ಯಾಕೆ?

“ಬಾಯಿ ಮುಚ್ಚಿದ ಬಾಂವಿಗೆ ಯಾರ ಬರತಾರ್ರಿ? ನಾವು ಗದ್ಲ ಮಾಡತೀವಿ, ನಿಮಗ ಬರ್ಯಾಕ ಬಿಡೂದಿಲ್ಲಂತ ಪೇಪರಿನ್ಯಾಗ ಹಾಕಿದ್ರಲ್ಲಾ. ನಮ್ಮ ಸೊಸಿ ಓದಿ ಹೇಳಿದ್ಲು.”

ಹಾಕಿದ್ದೆ. ಇದೇ ಅಂಕಣದಲ್ಲಿ. (ಓದಿ ನೀವೂ ನಕ್ಕಿರಬೇಕು.) ತಮಾಷೆಗೆ ಬರೆದದ್ದು ಎನ್ನುವಷ್ಟರಲ್ಲಿ ಅವಳು ಮೂಲೆ ತಿರುಗಿದ್ದಳು.

ಟಾಕಿ ಏರಿಸಲಿಲ್ಲ. ಹಲಗೆ ಕೀಳಿಸಿ, ರಾಟೆಗೆ ಎಣ್ಣೆ ಬಿಟ್ಟು, ಹೊಸ ಹಗ್ಗ ಕಟ್ಟಿಸಿದ್ದೇನೆ. ನಾಲ್ಕು ದಿನವಾಯಿತು, ಹಗ್ಗ ಇನ್ನೂ ಒದ್ದೆಯಾಗಿಲ್ಲ. ಎದುರುಮನೆಗೆ ಹೋಗಿ ತಪ್ಪಾಯಿತು ಎನ್ನಲು ಹತ್ತು ಹೆಜ್ಜೆ ಸಾಕು. ಆ ಹತ್ತು ಹೆಜ್ಜೆ ಇಡಲು ನನಗೆ ಮುಖವಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗಂಗವ್ವನ ಸೊಸೆ ಇದನ್ನೂ ಓದಿ ಹೇಳುತ್ತಾಳೆಯೇ?